ಮಿಡಿಸೌತೆ ಕರಾರು: ಗಾಡಿ ಕಳಿಸದ ಕಂಪನಿ ನಷ್ಟ ಕೇಳಬಹುದೇ?

ನಮಸ್ಕಾರ ಅಣ್ಣ. ಮದ್ದೂರಿನ ಕಡೆಯಿಂದ ನೀವು ಬರೆದಿರುವುದರ ಸಾರ ಇಷ್ಟು: ಬೀಜ ಮತ್ತು ಔಷಧಿಯನ್ನು ಮುಂಗಡವಾಗಿ ಕೊಟ್ಟ ಕಂಪನಿಯು ಕೊಯ್ಲು ಮುಗಿಯುವವರೆಗೆ ದಿನವೂ ಊರಿಗೆ ಗಾಡಿ ಕಳಿಸಲು ಒಪ್ಪಿತ್ತು, ನಡುವೆ ನಾಲ್ಕು ದಿನ ಗಾಡಿ ಬಾರದೆ ಮಿಡಿಗಳು ಬಲಿತು ಗ್ರೇಡು ತಪ್ಪಿದವು, ಈಗ ಒಪ್ಪಿದಷ್ಟು ಮಾಲು ಕೊಟ್ಟಿಲ್ಲವೆಂದು ಕಂಪನಿಯೇ ನಿಮ್ಮಿಂದ ನಷ್ಟ ಕೇಳುತ್ತಿದೆ. ಗಾಡಿ ಬಾರದಿದ್ದರೆ ಏನು ಎಂದು ಕರಾರು ಪತ್ರದಲ್ಲಿ ಬರೆದಿಲ್ಲವಾದ್ದರಿಂದ ನಿಮ್ಮ ಕೈಯಲ್ಲಿ ಏನೂ ಇಲ್ಲವೆಂದು ನೀವು ಭಾವಿಸಿದ್ದೀರಿ.

ಹಾಗೇನೂ ಇಲ್ಲ. ಕರಾರಿನಲ್ಲಿ ಸಹಕಾರವೆಂಬುದು ಇಷ್ಟವಿದ್ದರೆ ತೋರುವ ಸೌಜನ್ಯವಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 67ನೇ ಕಲಮಿನ ಪ್ರಕಾರ, ಕೆಲಸ ಮಾಡಿಸಿಕೊಳ್ಳಬೇಕಾದವನು ಅದನ್ನು ಮಾಡಲು ಬೇಕಾದ ಸಮಂಜಸ ಅನುಕೂಲವನ್ನು ಒದಗಿಸಲು ಉಪೇಕ್ಷೆ ಮಾಡಿದರೆ ಅಥವಾ ನಿರಾಕರಿಸಿದರೆ, ಅದರಿಂದಾಗಿ ಕೆಲಸ ಎಷ್ಟು ನಿಂತಿತೋ ಅಷ್ಟರ ಮಟ್ಟಿಗೆ ಎದುರಿನವನು ಹೊಣೆಯಿಂದ ಮುಕ್ತ. ಕಾಯ್ದೆಯೇ ಕೊಟ್ಟಿರುವ ಉದಾಹರಣೆಯಲ್ಲಿ, ಮನೆ ರಿಪೇರಿಗೆ ಒಪ್ಪಿಸಿದ ಯಜಮಾನ ಎಲ್ಲೆಲ್ಲಿ ರಿಪೇರಿ ಆಗಬೇಕೆಂದು ತೋರಿಸುವುದೇ ಇಲ್ಲ. ಕೆಲಸ ಆಗದಿದ್ದುದಕ್ಕೆ ರಿಪೇರಿಯವನನ್ನು ದೂರುವಂತಿಲ್ಲ. 1881ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಸ್ಕಾಟ್ಲೆಂಡಿನ ಒಂದು ಪ್ರಕರಣವೂ ಇದೇ ಜಾಡಿನದು: ಮಣ್ಣು ಅಗೆಯುವ ಯಂತ್ರ ಕೊಂಡವನು ಒಪ್ಪಿದ ರೀತಿಯ ಪರೀಕ್ಷೆಗೆ ತಕ್ಕ ಜಾಗವನ್ನೇ ಒದಗಿಸದೆ ಯಂತ್ರ ಪರೀಕ್ಷೆಯಲ್ಲಿ ಗೆಲ್ಲಲಿಲ್ಲವೆಂದಾಗ, ಅವನು ಬೆಲೆ ಕೊಡಲೇಬೇಕಾಯಿತು.

ಆದರೆ 67ನೇ ಕಲಂ ನಿಮ್ಮ ಮೇಲಿನ ಆರೋಪಕ್ಕೆ ತಡೆ, ಅಷ್ಟೆ. ಅದೊಂದರಿಂದ ಹಣ ಕೈಗೆ ಬರುವುದಿಲ್ಲ. ನಿಮಗಾದ ನಷ್ಟವನ್ನು ಕೇಳಲು, ಎದುರಿನವನು ಅಡ್ಡಿಪಡಿಸಿದರೆ ಅನ್ವಯಿಸುವ 53ನೇ ಕಲಂ, ಮೊದಲು ಮಾಡಬೇಕಾದ ಕೆಲಸವನ್ನೇ ಅವನು ಮಾಡದಿದ್ದಾಗ ಅನ್ವಯಿಸುವ 54ನೇ ಕಲಂ ಹಾಗೂ ಪರಿಹಾರದ 73ನೇ ಕಲಮನ್ನು ಆಧರಿಸಬೇಕು. ಗಾಡಿ ಬಾರದ ಸಂಗತಿ 54ಕ್ಕೇ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ.

ಇಲ್ಲಿ ಎರಡು ಕಹಿ ಮಾತುಗಳನ್ನು ಹೇಳಲೇಬೇಕು. ಆ ನಾಲ್ಕು ದಿನಗಳ ಮಾಲಿಗೆ ಮಾತ್ರ ಈ ರಕ್ಷಣೆ. ಅದಕ್ಕೂ ಮೊದಲೇ ರೋಗದಿಂದಲೋ ನೀರಿನ ಕೊರತೆಯಿಂದಲೋ ಇಳುವರಿ ಕುಸಿದಿದ್ದರೆ ಆ ಕೊರತೆಯನ್ನು ಗಾಡಿಯ ಲೆಕ್ಕಕ್ಕೆ ಸೇರಿಸಲಾಗದು. ಹಾಗೆಯೇ, ಬಳಸಿಕೊಂಡ ಬೀಜ ಮತ್ತು ಔಷಧಿಯ ಮುಂಗಡವು ತಾನಾಗಿ ಮನ್ನಾ ಆಗುವುದಿಲ್ಲ. ನಿಮಗೆ ಬರಬೇಕಾದ ಪರಿಹಾರದಲ್ಲಿ ಅದನ್ನು ವಜಾ ಮಾಡಿಕೊಳ್ಳುವಂತೆ ಕೇಳಬಹುದು, ಆದರೆ ಸಾಲವೇ ಇಲ್ಲವೆಂದು ವಾದಿಸಿದರೆ ನಿಮ್ಮ ನ್ಯಾಯವಾದ ಬೇಡಿಕೆಯೂ ತೂಕ ಕಳೆದುಕೊಳ್ಳುತ್ತದೆ.

ಬಲಿತ ಕಾಯಿಯನ್ನು ಹೊಲದಲ್ಲೇ ಕೊಳೆಯಲು ಬಿಟ್ಟಿರೋ, ಸಿಕ್ಕಿದ ಬೆಲೆಗೆ ಮಾರಿದಿರೋ ನೀವು ಬರೆದಿಲ್ಲ. ನಷ್ಟವನ್ನು ತಗ್ಗಿಸಲು ಇದ್ದ ದಾರಿಗಳನ್ನೂ ಪರಿಹಾರದ ಲೆಕ್ಕದಲ್ಲಿ ಪರಿಗಣಿಸಬೇಕೆಂದು 73ನೇ ಕಲಮಿನ ವಿವರಣೆ ಹೇಳುವುದರಿಂದ ಇದು ಮುಖ್ಯ. ಮಾರಿದ್ದರೆ ಚೀಟಿಯನ್ನು ಜೋಪಾನ ಮಾಡಿ. ಬೇರೆಯವರಿಗೆ ಮಾರಕೂಡದೆಂಬ ಷರತ್ತು ಇದ್ದಲ್ಲಿ, ಮುಂದೆ ಹೀಗಾದರೆ ಮೊದಲು ಕಂಪನಿಗೆ ಲಿಖಿತವಾಗಿ ತಿಳಿಸಿ ಆಮೇಲೆ ಮಾರಿ.

ಈಗ ಮಾಡಬೇಕಾದದ್ದು: ಗಾಡಿ ಬಾರದ ತಾರೀಖುಗಳು, ಅಂದಿನ ವಾಟ್ಸಾಪ್ ಸಂದೇಶಗಳು, ಫೋಟೋಗಳು ಮತ್ತು ತೂಕದ ಚೀಟಿಗಳನ್ನು ಒಟ್ಟುಮಾಡಿ, ಕಂಪನಿಯ ಕಾಗದಕ್ಕೆ ನೋಂದಣಿ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಉತ್ತರ ಕೊಡಿ. ಸಂದೇಶಗಳನ್ನು ಅಳಿಸಬೇಡಿ, ನ್ಯಾಯಾಲಯಕ್ಕೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣಪತ್ರದೊಂದಿಗೆ ಅವನ್ನು ಹಾಜರುಪಡಿಸಬೇಕಾಗುತ್ತದೆ. ಗುತ್ತಿಗೆ ಕೃಷಿಗೆಂದೇ ಬಂದ 2020ರ ಕೇಂದ್ರ ಕಾಯ್ದೆಯನ್ನು ಕೆಲವರು ಉಲ್ಲೇಖಿಸುವುದುಂಟು. ಅದು 2021ರಲ್ಲೇ ರದ್ದಾಗಿದೆ, ಉತ್ತರದಲ್ಲಿ ಸೇರಿಸಬೇಡಿ. ಕರಾರು ಪತ್ರದಲ್ಲಿ ಮಧ್ಯಸ್ಥಿಕೆಯ ಷರತ್ತು (ವ್ಯಾಜ್ಯವನ್ನು ನ್ಯಾಯಾಲಯದ ಬದಲು ಮಧ್ಯಸ್ಥರ ಮುಂದೆ ತೀರ್ಮಾನಿಸಿಕೊಳ್ಳಬೇಕೆಂಬ ಮಾತು) ಇದೆಯೇ ಎಂದೂ ನೋಡಿ. ಇದ್ದರೆ ದಾರಿ ಬೇರೆಯಾಗುತ್ತದೆ. ದಾವೆಗೆ ಕರಾರು ಮುರಿದಂದಿನಿಂದ ಸಾಮಾನ್ಯವಾಗಿ 3 ವರ್ಷಗಳ ಅವಧಿ ಇರುವುದರಿಂದ ಗಾಬರಿ ಬೇಡ. ವಕೀಲರ ಶುಲ್ಕ ಭಾರವೆನಿಸಿದರೆ ಮಂಡ್ಯದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಆದಾಯದ ಮಿತಿಯೊಳಗಿರುವವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಹೋಗುವಾಗ ಕರಾರಿನ ಮೂಲ ಪ್ರತಿಯನ್ನು ತೆಗೆದುಕೊಂಡು ಹೋಗಿ, ಆದರೆ ಕಂಪನಿಯ ಸೂಪರ್‌ವೈಸರ್ ಕೇಳಿದರೆ ಜೆರಾಕ್ಸ್ ಮಾತ್ರ ಕೊಡಿ.