ಪ್ರಶ್ನೋತ್ತರ: ನೂಲಿನ ನಕಲು ತೆಗೆಯುವವರು ಯಾರು?

ಪ್ರಶ್ನೆ: ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಮೇಯಿಸುತ್ತಿದ್ದೇನೆ. ಹುಳುವಿನ ಎಲ್ಲ ಜೀವಕೋಶಗಳಲ್ಲೂ ಒಂದೇ ಜೀನ್‌ಗಳಿರುತ್ತವೆ ಎಂದು ಪಿಯುಸಿ ಓದುವ ಮಗಳು ಹೇಳುತ್ತಾಳೆ. ಹಾಗಾದರೆ ನೂಲು ತಯಾರಾಗುವುದು ಗ್ರಂಥಿಯಲ್ಲಿ ಮಾತ್ರ ಏಕೆ? ನಾಲ್ಕನೆಯ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಅಷ್ಟೊಂದು ನೂಲು ಹೇಗೆ?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮಗಳ ಮಾತು ಸರಿ. ಪಾಠ ಮಾಡುತ್ತಿದ್ದ ಕಾಲದಲ್ಲಿ ನಾನು ಹಣ್ಣಾಗಲಿರುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತಿರುವ ಹುಳುವಿನ ಬೆನ್ನನ್ನು ಉಪ್ಪುನೀರಿನ ತಟ್ಟೆಯಲ್ಲಿ ಸೀಳಿ ತೋರಿಸುತ್ತಿದ್ದೆ. ಎರಡು ಗ್ರಂಥಿಗಳು ಗಾಜಿನ ಕೊಳವೆಯಂತೆ ಹೊಳೆಯುತ್ತ ಹೊರಬರುತ್ತಿದ್ದವು. ಹಿಂಭಾಗ ಸಣ್ಣಗೆ, ಮಡಿಕೆ ಮಡಿಕೆ. ಅಲ್ಲಿ ಫೈಬ್ರೋಯಿನ್ ಎಂಬ ನೂಲಿನ ಪ್ರೋಟೀನ್ ತಯಾರಾಗುತ್ತದೆ. ನಡುಭಾಗ ದಪ್ಪ, ಅಲ್ಲಿ ಸೆರಿಸಿನ್ ಎಂಬ ಅಂಟು. ಬಿಚ್ಚಣಿಕೆಯವರು ಬಿಸಿನೀರಿನಲ್ಲಿ ಸಡಿಲಿಸುವುದು ಈ ಅಂಟನ್ನೇ.

ಜೀನ್ ಎಂದರೆ ತಾಲ್ಲೂಕು ಕಚೇರಿಯ ಮೂಲ ದಾಖಲೆ. ಅದು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ನಕಲು ಮಾತ್ರ ಬರುತ್ತದೆ. ಆ ನಕಲೇ ಆರ್‌ಎನ್‌ಎ, ಅದನ್ನು ನೋಡಿಕೊಂಡೇ ಕೋಶ ಪ್ರೋಟೀನ್ ಕಟ್ಟುತ್ತದೆ. (ಲಂಚ ಕೇಳದ ಕಚೇರಿ ಎಂಬುದಷ್ಟೇ ವ್ಯತ್ಯಾಸ.) ಹುಳುವಿನ ಚರ್ಮದಲ್ಲೂ ಫೈಬ್ರೋಯಿನ್ ದಾಖಲೆ ಇದೆ, ಆದರೆ ಅಲ್ಲಿ ನಕಲಿಗೆ ಅರ್ಜಿ ಹಾಕುವವರಿಲ್ಲ. ಗ್ರಂಥಿಯಲ್ಲಿ ಫೋರ್ಕ್‌ಹೆಡ್‌ನಂತಹ ಕೆಲವು ಪ್ರೋಟೀನ್‌ಗಳು ಜೀನ್‌ನ ಮುಂದಿನ ಡಿಎನ್‌ಎ ತುಣುಕಿನ ಮೇಲೆ ಒಟ್ಟಾಗಿ ಕೂರುತ್ತವೆ, ಆಗ ನಕಲು ಶುರು. ಒಂದೊಂದೇ ಬಂದರೆ ಸಾಲದು.

ಗ್ರಂಥಿಯಲ್ಲಿ ಈ ಜೀನ್ ಹೆಚ್ಚಿಗೆ ಇರಬಹುದೇ ಎಂಬ ಅನುಮಾನ ಹಿಂದೆ ವಿಜ್ಞಾನಿಗಳಿಗೂ ಇತ್ತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಎಣಿಸಿ ನೋಡಿದರು. ಉಳಿದ ಜೀನ್‌ಗಳನ್ನು ಬಿಟ್ಟು ಇದೊಂದನ್ನೇ ಗ್ರಂಥಿ ಹೆಚ್ಚಿಸಿಕೊಂಡಿರಲಿಲ್ಲ. ಹೆಚ್ಚಿದ್ದು ನಕಲು. ಕೊನೆಯ ನಾಲ್ಕು ದಿನಗಳಲ್ಲಿ ಒಂದು ಜೀನ್‌ನಿಂದ ಸುಮಾರು 10,000 ನಕಲು, ಒಂದೊಂದು ನಕಲಿನಿಂದ ಸುಮಾರು ಒಂದು ಲಕ್ಷ ಫೈಬ್ರೋಯಿನ್ ಅಣುಗಳು. ಗುಣಿಸಿದರೆ ನೂರು ಕೋಟಿ!

ಇನ್ನೊಂದು ಸಂಗತಿ ನನಗೆ ಇಂದಿಗೂ ಬೆರಗು. ಗ್ರಂಥಿಯ ಕೋಶಗಳು ಮೊಟ್ಟೆಯೊಳಗೇ ವಿಭಜನೆ ನಿಲ್ಲಿಸಿಬಿಡುತ್ತವೆ. ಆಮೇಲೆ ಅವು ಊದುತ್ತವೆಯೇ ಹೊರತು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಒಳಗೆ ಮಾತ್ರ ಡಿಎನ್‌ಎ ಪೂರ್ತಿಯಾಗಿ ಮತ್ತೆ ಮತ್ತೆ ಇಮ್ಮಡಿಯಾಗಿ, ಒಂದೇ ಕೋಶದಲ್ಲಿ ಲಕ್ಷಗಟ್ಟಲೆ ಪಟ್ಟು ತುಂಬಿಕೊಳ್ಳುತ್ತದೆ. ಇನ್ನು ಜ್ವರ. ಹುಳು ತಲೆಯೆತ್ತಿ ಮೇವು ಬಿಟ್ಟು ಕೂತಾಗ ಫೈಬ್ರೋಯಿನ್ ನಕಲೂ ನಿಲ್ಲುತ್ತದೆ, ಜ್ವರ ಎದ್ದು ಸೊಪ್ಪು ಕಚ್ಚಿದ ಮೇಲೆ ಮತ್ತೆ ಹತ್ತುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲಿನ ಐದನೆಯ ಹಂತದಲ್ಲಿ ಕೋಶವೂ ದೊಡ್ಡದು, ದಾಖಲೆಗಳೂ ಲಕ್ಷಗಟ್ಟಲೆ, ಮೇವೂ ಯಥೇಚ್ಛ. ನೀವು ಆ ವಾರ ರಾತ್ರಿಯೂ ಎದ್ದು ಸೊಪ್ಪು ಹಾಕುವುದು ಈ ನಕಲುಗಳಿಗೆ ಬೇಕಾದ ಸರಕು ಒದಗಿಸಲಿಕ್ಕೆ.

ಪ್ರಶ್ನೆ: ಹುಳು ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿಗೆ ಸಿಂಪಡಿಸುವ ಔಷಧದಿಂದ ಜೀನ್ ಬದಲಾಗುತ್ತದೆಯೇ?
– ಓದುಗರು, ರಾಮನಗರ

ಉತ್ತರ: ಇಲ್ಲ. ಅದರಲ್ಲಿರುವುದು ಹುಳು ಪೊರೆ ಬಿಡುವಂತೆ ಮಾಡುವ ಎಕ್ಡೈಸೋನ್ ಹಾರ್ಮೋನನ್ನೇ ಹೋಲುವ, ಗಿಡದಿಂದ ತೆಗೆದ ವಸ್ತು. ಅದು ಕೋಶದೊಳಗಿನ ಗ್ರಾಹಕಕ್ಕೆ (ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್) ಅಂಟಿ, ಯಾವ ಜೀನ್‌ನ ನಕಲು ಈಗ ಬೇಕು, ಯಾವುದು ಬೇಡ ಎಂಬುದನ್ನು ಬದಲಿಸುತ್ತದೆ. ಮೂಲ ದಾಖಲೆಯ ಒಂದಕ್ಷರವೂ ತಿದ್ದಿಲ್ಲ. ಆದರೆ ಅವಸರಪಟ್ಟು ಮೊದಲೇ ಹಾಕಬೇಡಿ. ಗ್ರಂಥಿ ತುಂಬುವ ಮುಂಚೆಯೇ ಹುಳು ಚಂದ್ರಿಕೆ (ಗೂಡು ಕಟ್ಟಲು ಇಡುವ ತಟ್ಟಿ) ಹತ್ತಿದರೆ ಗೂಡು ತೆಳುವಾಗುತ್ತದೆ.