ಕಿವಿಗೆ ಸಿಗದ ಛಂದಸ್ಸು

ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಹಳೆಯ ಚೀನೀ ಕವಿತೆಗಳನ್ನು ಅನುವಾದದಲ್ಲಿ ಓದಿದೆ. ಬೆಟ್ಟ, ಹೊಳೆ, ಚಂದ್ರ ಎಲ್ಲ ಕಣ್ಣಿಗೆ ಕಟ್ಟುತ್ತವೆ. ಕಿವಿಗೆ ಮಾತ್ರ ಏನೂ ಸಿಗಲಿಲ್ಲ. ಅವರಿಗೆ ಛಂದಸ್ಸೇ ಇರಲಿಲ್ಲವೇ?"

ಇತ್ತು. ನಮ್ಮ ಷಟ್ಪದಿಯಷ್ಟೇ ಕಟ್ಟುನಿಟ್ಟಾಗಿತ್ತು. ಆದರೆ ಅದು ನಿಂತಿದ್ದದ್ದು ದನಿಯ ಏರಿಳಿತದ ಮೇಲೆ. ಹಾಗಾಗಿ ಬೇರೆ ಭಾಷೆಗೆ ಬರುವಾಗ ಮೊದಲು ಕಳೆದುಹೋಗುವುದೇ ಅದು.

ನಮ್ಮ ಲಘು, ಗುರು ಹೊತ್ತಿನ ಲೆಕ್ಕ. ಚೀನೀಯರಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸ್ವರ, ಅಂದರೆ ದನಿಯ ಏರಿಳಿತ ಇದೆ, ಅದು ತಪ್ಪಿದರೆ ಅರ್ಥವೇ ತಪ್ಪುತ್ತದೆ. ಟಾಂಗ್ ರಾಜವಂಶದ ಕಾಲದ ಕವಿಗಳು ಅಂಥ ನಾಲ್ಕು ಸ್ವರಗಳನ್ನು ಎರಡು ಗುಂಪು ಮಾಡಿಕೊಂಡರು. ಸಮನಾಗಿ ಸಾಗುವ ಒಂದು ‘ಪಿಂಗ್’. ಉಳಿದ ಮೂರೂ ‘ತ್ಸೆ’.

ಒಂದು ಜೋಡಿ ಸಾಲು ನೋಡಿ. 757ರಲ್ಲಿ ರಾಜಧಾನಿ ಚಾಂಗಾನ್ ದಂಗೆಕೋರರ ಕೈಯಲ್ಲಿದ್ದಾಗ ಟಾಂಗ್ ಕವಿ ದು ಫು ಬರೆದದ್ದು. ಇವತ್ತಿನ ಉಚ್ಚಾರದಲ್ಲಿ ಹೆಚ್ಚುಕಡಿಮೆ ಹೀಗಿದೆ:

ಗ್ವೊ ಪೊ, ಶಾನ್ ಹ ತ್ಸಾಯ್
ಚೆಂಗ್ ಚುನ್, ತ್ಸಾವ್ ಮು ಶೆನ್

ನಾಡು ಮುರಿದಿದೆ, ಬೆಟ್ಟ ಹೊಳೆ ಉಳಿದಿವೆ. ಊರಿಗೆ ವಸಂತ ಬಂದಿದೆ, ಹುಲ್ಲು ಮರ ದಟ್ಟವಾಗಿವೆ.

ಸಾಲಿಗೆ ಐದೇ ಅಕ್ಷರ. ಎರಡಾದ ಮೇಲೆ ಸಣ್ಣ ತಡೆ, ಆಮೇಲೆ ಮೂರು. ಮೊದಲ ಸಾಲು ತ್ಸೆ ತ್ಸೆ, ಪಿಂಗ್ ಪಿಂಗ್ ತ್ಸೆ. ಎರಡನೆಯದು ಪಿಂಗ್ ಪಿಂಗ್, ತ್ಸೆ ತ್ಸೆ ಪಿಂಗ್. ಒಂದೊಂದು ಅಕ್ಷರವೂ ಮೇಲಿನದಕ್ಕೆ ಎದುರಾಗಿ ನಿಂತಿದೆ! ಅರ್ಥವೂ ಜೋಡಿ ಕಟ್ಟಿದೆ: ನಾಡಿಗೆ ಊರು, ಬೆಟ್ಟ ಹೊಳೆಗೆ ಹುಲ್ಲು ಮರ. (ಎಲ್ಲ ಕವಿತೆಯೂ ಇಷ್ಟು ಅಚ್ಚುಕಟ್ಟಲ್ಲ. ಒಂದನೆಯ, ಮೂರನೆಯ ಅಕ್ಷರಕ್ಕೆ ಸ್ವಲ್ಪ ಸಡಿಲ ಉಂಟು.) ಪ್ರಾಸ ನಮ್ಮ ಹಾಗೆ ಎರಡನೆಯ ಅಕ್ಷರದಲ್ಲಲ್ಲ, ಸಾಲಿನ ಕೊನೆಯಲ್ಲಿ.

ಇನ್ನೊಂದು ತೊಡಕಿದೆ. ‘ಗ್ವೊ’ ಇವತ್ತಿನ ಬೀಜಿಂಗ್ ಮಾತಿನಲ್ಲಿ ಪಿಂಗ್ ಗುಂಪಿಗೆ ಸೇರಿಬಿಟ್ಟಿದೆ. ಆಗ ಅದರ ತುದಿಯಲ್ಲಿ ‘ಕ್’ ಇತ್ತು, ದನಿ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು, ಅದು ತ್ಸೆ ಆಗಿತ್ತು. ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಿನಲ್ಲಿ ಈಗಲೂ ‘ಗ್ವೊಕ್’ ಅನ್ನುತ್ತಾರೆ. ಹಾಗಾಗಿ ಚೀನಾದವರಿಗೂ ಹಳೆಯ ಲಯ ಸುಮ್ನೆ ಓದಿದರೆ ಪೂರ್ತಿ ಕೇಳಿಸುವುದಿಲ್ಲ.

ಈ ಕತ್ತರಿಸಿದ ದನಿಯನ್ನು ಇನ್ನೊಬ್ಬ ಟಾಂಗ್ ಕವಿ ಲಿಯು ತ್ಸುಂಗ್‌ಯುವಾನ್ ಬಳಸಿದ ರೀತಿ ನನಗೆ ತುಂಬ ಇಷ್ಟ. ಅವನ ‘ಹೊಳೆಯ ಹಿಮ’ಕ್ಕೆ ಇಪ್ಪತ್ತೇ ಅಕ್ಷರ. ಬೆಟ್ಟಗಳಲ್ಲಿ ಹಕ್ಕಿ ಹಾರಾಟ ನಿಂತಿದೆ. ದಾರಿಗಳಲ್ಲಿ ಹೆಜ್ಜೆ ಗುರುತು ಅಳಿಸಿದೆ. ಒಂಟಿ ದೋಣಿಯಲ್ಲಿ ಗೊರಬೆ ಹೊದ್ದಂಥ ಮುದುಕ, ಹಿಮದಲ್ಲಿ ಗಾಳ ಹಾಕಿ ಕೂತಿದ್ದಾನೆ. ಪ್ರಾಸಕ್ಕೆ ಸಾಮಾನ್ಯವಾಗಿ ಪಿಂಗ್ ಬೇಕು, ದನಿ ಎಳೆಯಲು ಬರುತ್ತದೆ. ಇಲ್ಲಿ ಅವನು ‘ನಿಂತಿತು’, ‘ಅಳಿಯಿತು’, ‘ಹಿಮ’ ಎಂಬ ಅರ್ಥದ ಮೂರು ಚೀನೀ ಪದ ಇಟ್ಟಿದ್ದಾನೆ. ಮೂರಕ್ಕೂ ಕೊನೆಯಲ್ಲಿ ‘ತ್’. ಎಳೆಯಲು ಜಾಗವೇ ಇಲ್ಲ. ದನಿ ತಟ್ಟನೆ ನಿಲ್ಲುತ್ತದೆ, ಆಮೇಲೆ ಬರೀ ಮೌನ.

ಆ ಕವಿತೆಯ ಕ್ಯಾಂಟನೀಸ್ ವಾಚನ ಹುಡುಕಿ ಕೇಳಿ. ಅರ್ಥವಾಗಬೇಕಿಲ್ಲ. ಒಂದು, ಎರಡು, ನಾಲ್ಕನೆಯ ಸಾಲು ಎಲ್ಲಿ ನಿಲ್ಲುತ್ತವೆ ನೋಡಿ: ಜ್ಯುತ್, ಮಿತ್, ಸ್ಯುತ್. ಕೇಳಿದ ಮೇಲೆ ಇನ್ನೊಂದು ಕಾಗದ ಬರೆಯುತ್ತೀರಲ್ವಾ?

— ಸಂ.