ಔಟ್‌ಟರ್ನ್ ತೆಗೆಯುವವರು ಯಾರು?

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಹೈಸ್ಕೂಲು, ಪಿಯು ಓದುವಾಗಲೇ ಕಾಲೇಜಿನ ಕ್ರೆಡಿಟ್, ಅಂದರೆ ಡಿಗ್ರಿಗೆ ಲೆಕ್ಕವಾಗುವ ಓದಿನ ಅಳತೆ, ಮಾಡಿಕೊಳ್ಳಬಹುದಾ ಟೀಚರ್, ಅಂತ. ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟು, ಈಗ ಕೊಡಗಿನ ಅಮ್ಮತ್ತಿ ಹತ್ತಿರ ಎರಡೂವರೆ ಎಕರೆ ರೊಬಸ್ಟಾ ಕಾಫಿ ನೋಡಿಕೊಂಡು ಕೂತವಳು ನಾನು. ಎರಡೂ ಕಸುಬು ಇವತ್ತಿನ ಉತ್ತರಕ್ಕೆ ಬೇಕಾಯಿತು.

ಪ್ರ: ನಾನು ಪೊನ್ನಂಪೇಟೆಯಲ್ಲಿ ಪ್ರಥಮ ಪಿಯು ವಿಜ್ಞಾನ ಓದುತ್ತಿದ್ದೇನೆ. ಅಮೆರಿಕದಲ್ಲಿ ಸಿಯಾಟಲ್ ಹತ್ತಿರ ಇರುವ ದೊಡ್ಡಪ್ಪನ ಮಗಳಿಗೂ ನನ್ನದೇ ವಯಸ್ಸು. ಬೆಳಿಗ್ಗೆ ಹೈಸ್ಕೂಲು, ಮಧ್ಯಾಹ್ನ ಪಕ್ಕದ ಕಾಲೇಜು. ಆಗಲೇ 15 ಕ್ರೆಡಿಟ್ ಆಗಿದೆಯಂತೆ. ಪುತ್ತರಿ ಹಬ್ಬಕ್ಕೆ ಫೋನ್ ಮಾಡಿದಾಗ ಹೇಳಿದಳು, ಅವತ್ತಿಂದ ಮನೆಯಲ್ಲಿ ಅದೇ ಮಾತು. ನನಗೂ ಹಾಗೆ ಮಾಡಲು ಸಾಧ್ಯವಿಲ್ಲವೇ?

ಉ: ಮೊದಲು ನಿನ್ನ ಅಕ್ಕನೋ ತಂಗಿಯೋ, ಅವಳ ಲೆಕ್ಕ ನೋಡೋಣ. ಅವಳು ಮಾಡುತ್ತಿರುವುದಕ್ಕೆ ಅಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಅನ್ನುತ್ತಾರೆ. ಮಿನೆಸೋಟ ರಾಜ್ಯ 1985ರಲ್ಲೇ ಇದಕ್ಕೆ ಕಾನೂನು ಮಾಡಿತು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 1990ರಲ್ಲಿ ರನ್ನಿಂಗ್ ಸ್ಟಾರ್ಟ್ ಅಂತ ಶುರು ಮಾಡಿತು. ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕೂತು ಪಾಠ ಕೇಳಬಹುದು. ಒಂದೇ ಪಾಠ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ, ಹೈಸ್ಕೂಲು ಮುಗಿಸುವುದಕ್ಕೂ, ಮುಂದಿನ ಡಿಗ್ರಿಗೂ. ಒಂದು ಮಿತಿಯವರೆಗೆ ಬೋಧನಾ ಶುಲ್ಕ ಇಲ್ಲ. ಪುಸ್ತಕ, ಓಡಾಟ, ಸಣ್ಣಪುಟ್ಟ ಫೀಸು ಮನೆಯವರದ್ದು. ಸೇರುವ ಮೊದಲು ಹೈಸ್ಕೂಲಿನ ಕೌನ್ಸೆಲರ್ ಹತ್ತಿರ ಕೂತು ಯಾವ ಪಾಠ ಯಾವುದಕ್ಕೆ ಲೆಕ್ಕ ಅಂತ ಫಾರಂ ತುಂಬಿಸಿ, ಅಪ್ಪ ಅಮ್ಮನ ಸಹಿ ಹಾಕಿಸಿ ಕಾಲೇಜಿಗೆ ಕೊಡಬೇಕು. ಅಲ್ಲಿ ಬಂದ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಕಾಯಂ. ಹದಿನಾರನೇ ವಯಸ್ಸಿನಲ್ಲಿ ಫೇಲಾದರೆ ಇಪ್ಪತ್ತನೇ ವಯಸ್ಸಿನಲ್ಲೂ ಅದು ಜೊತೆಗೇ ಬರುತ್ತದೆ. ಇದನ್ನು ಅವಳು ಫೋನಿನಲ್ಲಿ ಹೇಳಿರಲಿಕ್ಕಿಲ್ಲ.

ಇನ್ನೊಂದು ವಿಷಯ. ಆ ರಾಜ್ಯದ ಕಮ್ಯುನಿಟಿ ಕಾಲೇಜುಗಳು ವರ್ಷವನ್ನು ಕ್ವಾರ್ಟರ್ ಲೆಕ್ಕದಲ್ಲಿ, ಅಂದರೆ ಮೂರು ಪಾಲಾಗಿ ಒಡೆಯುತ್ತವೆ; ಸೆಮಿಸ್ಟರ್ ಆದರೆ ಎರಡೇ ಪಾಲು. 15 ಕ್ವಾರ್ಟರ್ ಕ್ರೆಡಿಟ್ ಅಂದರೆ ಸೆಮಿಸ್ಟರ್ ಲೆಕ್ಕದಲ್ಲಿ ಹತ್ತೇ. ಅವಳು ನಾಳೆ ಸೆಮಿಸ್ಟರ್ ನಡೆಸುವ ವಿಶ್ವವಿದ್ಯಾಲಯಕ್ಕೆ ಹೋದರೆ ಹದಿನೈದು ಅನ್ನುವುದು ಹತ್ತಾಗುತ್ತದೆ, ಅದೂ ಅವರು ಒಪ್ಪಿದರೆ.

ನಿಮ್ಮ ಮನೆಯಲ್ಲೂ ಕಾಫಿ ಇರಬಹುದು. ಒಣಗಿದ ಚೆರ್ರಿಯನ್ನು 50 ಕಿಲೋ ಚೀಲಕ್ಕೆ ತುಂಬಿ ವ್ಯಾಪಾರಿ ಹತ್ತಿರ ತೆಗೆದುಕೊಂಡು ಹೋಗುತ್ತೀರಿ. ಅವನು ಚೀಲದ ತೂಕ ನೋಡಿ ದುಡ್ಡು ಕೊಡುತ್ತಾನಾ? ಕೈಹಾಕಿ ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ ಔಟ್‌ಟರ್ನ್ ನೋಡುತ್ತಾನೆ. 26 ಅಂದರೆ ನಿಮ್ಮ ಐವತ್ತು ಕಿಲೋದಲ್ಲಿ ಅವನಿಗೆ ಸಿಗುವುದು ಇಪ್ಪತ್ತಾರು, 28 ಅಂದರೆ ಇಪ್ಪತ್ತೆಂಟು. ಬೆಳೆದವನು ನೀವು, ಔಟ್‌ಟರ್ನ್ ತೆಗೆಯುವವನು ಅವನು. ಕ್ರೆಡಿಟ್ಟೂ ಹಾಗೆಯೇ. ಸರ್ಟಿಫಿಕೇಟಿನಲ್ಲಿ ಎಷ್ಟಾದರೂ ಬರೆದಿರಲಿ, ಎಷ್ಟು ಸಲ್ಲುತ್ತದೆ ಅನ್ನುವುದು ತೆಗೆದುಕೊಳ್ಳುವ ಕಾಲೇಜಿನ ಕೈಯಲ್ಲಿ.

ಈಗ ನಿನ್ನ ವಿಷಯ. ನಮ್ಮ ಪಿಯುನಲ್ಲಿ ಮಧ್ಯಾಹ್ನ ಡಿಗ್ರಿ ಕಾಲೇಜಿಗೆ ಹೋಗಿ ಕೂರುವ ವ್ಯವಸ್ಥೆ ಇಲ್ಲ. ಇಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಜಾಲತಾಣದ ಎನ್‌ಪಿಟೆಲ್ ಕೋರ್ಸುಗಳು. ಐಐಟಿಗಳು, ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಓದಿಗೆ ದುಡ್ಡಿಲ್ಲ, ವಯಸ್ಸು ಕೇಳುವುದಿಲ್ಲ, ಮಾರ್ಕ್ಸ್ ಕಾರ್ಡೂ ಕೇಳುವುದಿಲ್ಲ. ಒಂದು ಇಮೇಲ್ ಇದ್ದರೆ ಸೇರಬಹುದು. ನಾಲ್ಕು ವಾರದ ಕೋರ್ಸಿಗೆ 1 ಕ್ರೆಡಿಟ್, ಎಂಟಕ್ಕೆ 2, ಹನ್ನೆರಡಕ್ಕೆ 3. ವಾರವಾರದ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬಂದರೆ ಸರ್ಟಿಫಿಕೇಟ್. ಎಲ್ಲರೂ ಎಡವುವುದು ಒಂದು ಕಡೆ: ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಪರೀಕ್ಷೆಗೆ ಪ್ರತ್ಯೇಕ ಫಾರಂ ಇದೆ, ಪ್ರತ್ಯೇಕ ಶುಲ್ಕ ಇದೆ, ಅದಕ್ಕೊಂದು ಕೊನೆ ದಿನಾಂಕವೂ ಇದೆ. ಹನ್ನೆರಡು ವಾರ ಕೂತು ಓದಿ, ಆ ಫಾರಂ ಮರೆತು ಬರಿಗೈಯಲ್ಲಿ ಉಳಿದ ಮಕ್ಕಳನ್ನು ನಾನು ಕಂಡಿದ್ದೇನೆ.

ನನ್ನಿಂದಾದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕುಟ್ಟ ಕಡೆಯ ಒಬ್ಬ ಹುಡುಗ, ಚುರುಕು. ಪ್ರಥಮ ಪಿಯುನಲ್ಲಿದ್ದಾಗ ಹನ್ನೆರಡು ವಾರದ ಪೈಥಾನ್ (ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಭಾಷೆ) ಕೋರ್ಸಿಗೆ ನಾನೇ ಸೇರಿಸಿದೆ. ಪರೀಕ್ಷೆ ಮೈಸೂರಿನಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ. ನಾಗರಹೊಳೆ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್, ಹಾಗಾಗಿ ಹಿಂದಿನ ದಿನವೇ ಅಪ್ಪನ ಜೊತೆ ಹೋಗಿ ಲಾಡ್ಜಿನಲ್ಲಿ ಉಳಿದ. ಒಳ್ಳೆ ಅಂಕ ತೆಗೆದ. ಸರ್ಟಿಫಿಕೇಟಿನ ಮೂಲೆಯಲ್ಲಿದ್ದ ಕ್ರೆಡಿಟ್ಟಿನ ಸಾಲನ್ನು ಅವನ ಅಪ್ಪ ಬೆರಳಿಟ್ಟು ತೋರಿಸಿದರು. ‘ಡಿಗ್ರಿಗೆ ಹೋದಾಗ ಮೂರು ಕ್ರೆಡಿಟ್ ನಿನ್ನ ಜೇಬಿನಲ್ಲೇ ಇರುತ್ತದೆ’ ಅಂತ ನಾನೂ ಭರವಸೆ ಕೊಟ್ಟೆ. ಡಿಗ್ರಿಗೆ ಸೇರಿದ ಕಾಲೇಜಿನ ಆಫೀಸಿನಲ್ಲಿ ಕಾಗದವನ್ನು ತಿರುಗಿಸಿಯೂ ನೋಡಲಿಲ್ಲ. ‘ನಮ್ಮಲ್ಲಿ ಅಡ್ಮಿಷನ್ ಆಗುವ ಮೊದಲು ಮಾಡಿದ್ದು ನಮಗೆ ಲೆಕ್ಕಕ್ಕಿಲ್ಲ’ ಅಂದರು. ನನಗೆ ಸಿಟ್ಟು ಬಂದಿತ್ತು, ಆಮೇಲೆ ನಿಯಮ ತೆಗೆದು ಓದಿದೆ. ವಿಶ್ವವಿದ್ಯಾಲಯಗಳ ಅನುದಾನ ಆಯೋಗದ, ಅಂದರೆ ಯುಜಿಸಿಯ 2021ರ ನಿಯಮ ಒಂದು ಸೆಮಿಸ್ಟರಿನ ಶೇ. 40ರಷ್ಟು ಪಾಠಗಳನ್ನು ಸ್ವಯಂ ಮೂಲಕ ಮಾಡಲು ಬಿಡುತ್ತದೆ, ಆದರೆ ಅದು ಆಗಲೇ ಕಾಲೇಜಿನಲ್ಲಿ ಇರುವವರಿಗೆ, ಕಾಲೇಜು ಮೊದಲೇ ಒಪ್ಪಿದ ಕೋರ್ಸುಗಳಿಗೆ. ಆಫೀಸಿನವರು ಹೇಳಿದ್ದೇ ಸರಿ. ಚೀಲ ಹೊತ್ತು ಹೋಗುವ ಮೊದಲು ವ್ಯಾಪಾರಿಯನ್ನು ಕೇಳದೆ ಹೋದವಳು ನಾನು.

ಹಾಗಂತ ಬೇಡ ಅನ್ನುತ್ತಿಲ್ಲ. ಆ ಹುಡುಗ ಡಿಗ್ರಿಯಲ್ಲಿ ಪೈಥಾನ್ ಪೇಪರ್ ಬಂದಾಗ ಪಕ್ಕದವರಿಗೆ ಪಾಠ ಹೇಳುತ್ತಿದ್ದ. ನೀನು ಸೇರುವುದಾದರೆ ಜುಲೈ ಬ್ಯಾಚಿಗೆ ಸೇರು. ಜನವರಿ ಬ್ಯಾಚಿನ ಪಾಠ ಕಾಫಿ ಕೊಯ್ಲಿಗೂ ವಾರ್ಷಿಕ ಪರೀಕ್ಷೆಗೂ ಮೈಮೇಲೆ ಬೀಳುತ್ತದೆ. ಎಂಟು ವಾರದ್ದು ಸಾಕು. ಮೂರನ್ನು ಒಟ್ಟಿಗೆ ಹಿಡಿದವರು ಯಾವುದನ್ನೂ ಮುಗಿಸಿದ್ದು ನಾನು ಕಾಣೆ.

ಪ್ರ: ಮಗ ದ್ವಿತೀಯ ಪಿಯು ಕಾಮರ್ಸ್. ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಡಿಗ್ರಿಗೆ ಜೆಇಇ ಇಲ್ಲದೆ, ಪಿಯು ಓದುತ್ತಲೇ ಅರ್ಜಿ ಹಾಕಬಹುದು ಎನ್ನುತ್ತಾನೆ. ನನಗೆ ನಂಬಿಕೆ ಬರುತ್ತಿಲ್ಲ. — ಸಿದ್ದಾಪುರದ ಬೆಳೆಗಾರ

ಉ: ನಂಬಿ, ಮಗ ಹೇಳಿದ್ದು ನಿಜ. 2020ರಲ್ಲಿ ಶುರುವಾದ ಆನ್‌ಲೈನ್ ಡಿಗ್ರಿ ಅದು. ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು ಅಷ್ಟೆ. ಪಿಯುನಲ್ಲಿ ಕಾಮರ್ಸೋ ಆರ್ಟ್ಸೋ ಅಂತ ಕೇಳುವುದಿಲ್ಲ. ಪಿಯುನಲ್ಲಿ ಇರುವಾಗಲೇ ಅರ್ಜಿ ಹಾಕಿ ಕ್ವಾಲಿಫೈಯರ್ ಅನ್ನುವ ಅರ್ಹತಾ ಪರೀಕ್ಷೆ ಬರೆಯಬಹುದು. ಅವರು ನಾಲ್ಕು ವಾರದ ಪಾಠ ಕೊಡುತ್ತಾರೆ, ಇಂಗ್ಲಿಷ್, ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟೇಶನಲ್ ಥಿಂಕಿಂಗ್. ಅದರ ಅಸೈನ್‌ಮೆಂಟುಗಳಲ್ಲಿ ಸಾಕಷ್ಟು ಅಂಕ ಬಂದರೆ ಪರೀಕ್ಷೆಗೆ ಕೂರಿಸುತ್ತಾರೆ, ಪರೀಕ್ಷೆ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಪಾಸಾದರೆ ದ್ವಿತೀಯ ಪಿಯು ಮುಗಿದ ಮೇಲೆ ಕೋರ್ಸು ಶುರು. ಅಂದರೆ ಪಿಯುನಲ್ಲಿ ಸಿಗುವುದು ಸೀಟು, ಕ್ರೆಡಿಟ್ ಅಲ್ಲ. ಈ ವ್ಯತ್ಯಾಸವನ್ನು ಮಗನಿಗೆ ಹೇಳಿ.

ಇದರಲ್ಲಿ ನನಗೆ ಹಿಡಿಸಿದ್ದು ಮೆಟ್ಟಿಲು ಕಟ್ಟಿರುವ ರೀತಿ. ಮೊದಲ ಹಂತ 8 ಕೋರ್ಸು, 32 ಕ್ರೆಡಿಟ್. 114 ಕ್ರೆಡಿಟ್ ಆದರೆ ಬಿಎಸ್‌ಸಿ, 142 ಆದರೆ ಬಿಎಸ್. ನಡುವೆ ಎಲ್ಲಿ ಇಳಿದರೂ ಕೈಯಲ್ಲಿ ಒಂದು ಕಾಗದ ಇರುತ್ತದೆ. ಮೀಸಲು ವರ್ಗದವರಿಗೆ, ಕಡಿಮೆ ಆದಾಯದ ಮನೆಯವರಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಆದಾಯ ಪ್ರಮಾಣಪತ್ರವನ್ನು ಈಗಲೇ ನಾಡಕಚೇರಿಯಲ್ಲಿ ಮಾಡಿಸಿಡಿ, ಕೊನೆ ದಿನ ಓಡಬೇಡಿ. 2022ರಿಂದ ಯುಜಿಸಿ ಒಟ್ಟಿಗೆ ಎರಡು ಡಿಗ್ರಿ ಓದಲು ಒಪ್ಪಿದೆ. ಮಗ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಬಿಕಾಂ ಮಾಡುತ್ತ ಇದನ್ನೂ ಮಾಡಬಹುದು. ಮಾಡುತ್ತಾನಾ ಅನ್ನುವುದನ್ನು ಆ ನಾಲ್ಕು ವಾರವೇ ಹೇಳಿಬಿಡುತ್ತದೆ.

ಪ್ರ: ಶಾಲೆಯಲ್ಲಿ ಅಪಾರ್ ಐಡಿಗೆ ಒಪ್ಪಿಗೆ ಪತ್ರ ಕೇಳಿದ್ದಾರೆ. ಅದನ್ನು ಮಾಡಿಸಿದರೆ ಮಗಳಿಗೆ ಕಾಲೇಜಿನ ಕ್ರೆಡಿಟ್ ಬರುತ್ತದೆಯೇ? — ಕುಶಾಲನಗರದ ತಾಯಿ

ಉ: ಇಲ್ಲ. ಪಾಸ್‌ಬುಕ್ ಮಾಡಿಸಿದ ಕೂಡಲೇ ದುಡ್ಡು ಬರುತ್ತದಾ? ಅಪಾರ್ ಅಂದರೆ ಪ್ರತಿ ವಿದ್ಯಾರ್ಥಿಗೂ ಕೊಡುವ 12 ಅಂಕಿಯ ಖಾತೆ ಸಂಖ್ಯೆ. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಮುಂದೆ ಕಾಲೇಜು ಕ್ರೆಡಿಟ್ ಜಮಾ ಮಾಡುವಾಗ ಅದು ಬೇಕಾಗುತ್ತದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಶಾಲಾ ವರ್ಷಕ್ಕೂ 40 ಕ್ರೆಡಿಟ್, ಮೂವತ್ತು ಗಂಟೆಗೆ ಒಂದರಂತೆ, ಅಂತ ಬರೆದಿದ್ದಾರೆ. ಅದು ಶಾಲೆಯ ಓದಿನ ಅಳತೆ. ಡಿಗ್ರಿಯಲ್ಲಿ ಅದನ್ನು ತೋರಿಸಿ ಒಂದು ಪೇಪರ್ ಬಿಡಿಸಿಕೊಳ್ಳಲು ಆಗುವುದಿಲ್ಲ.

ನೀವು ನೋಡಬೇಕಾದ್ದು ಹೆಸರು. ನಮ್ಮ ಕಡೆ ಮನೆ ಹೆಸರು ಆಧಾರ್‌ನಲ್ಲಿ ಮುಂದೆ, ಶಾಲೆ ದಾಖಲೆಯಲ್ಲಿ ಹಿಂದೆ, ನಡುವೆ ಅಪ್ಪನ ಹೆಸರು ಒಮ್ಮೆ ಪೂರ್ತಿ, ಒಮ್ಮೆ ಬರೀ ಇನಿಷಿಯಲ್. ‘ಪೂವಮ್ಮ’ಗೆ ಒಂದರಲ್ಲಿ ಎರಡು ಓ, ಇನ್ನೊಂದರಲ್ಲಿ ಯು. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ ಹುಡುಗಿಯರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬರುವ ಮೊದಲೇ ಸರಿ ಮಾಡಿಸಿ, ಆಮೇಲೆ ಅಲೆದಾಟ.

ಪ್ರ: ಮಗ ಮಡಿಕೇರಿಯಲ್ಲಿ ಹನ್ನೊಂದನೇ ತರಗತಿ. ಅಮೆರಿಕಕ್ಕೆ ಹೋಗಿ ಓದುವ ಆಸೆ. ಎಪಿ ಪರೀಕ್ಷೆ ಬರೆದರೆ ಅಲ್ಲಿ ಒಂದು ವರ್ಷ ಉಳಿಯುತ್ತದೆಂದು ಏಜೆನ್ಸಿಯವರು ಹೇಳುತ್ತಾರೆ.

ಉ: ‘ಒಂದು ವರ್ಷ’ ಅನ್ನುವುದು ಏಜೆನ್ಸಿಯ ಔಟ್‌ಟರ್ನ್. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಕಾಲೇಜ್ ಬೋರ್ಡ್ ಸಂಸ್ಥೆ 1955ರಿಂದ ನಡೆಸುತ್ತಿದೆ. ಕೋರ್ಸಿಗೆ ಸೇರದೆ ಮನೆಯಲ್ಲೇ ಓದಿ ನೇರವಾಗಿ ಪರೀಕ್ಷೆ ಬರೆಯಬಹುದು, ಆದರೆ ಅದಕ್ಕೆ ಒಪ್ಪುವ ಕೇಂದ್ರ ಹುಡುಕಿಕೊಳ್ಳಬೇಕು, ಅಂದರೆ ಬೆಂಗಳೂರು. ಪರೀಕ್ಷೆ ಮೇ ತಿಂಗಳಲ್ಲಿ, ಆದರೆ ನೋಂದಣಿ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ. ಫಲಿತಾಂಶ 1ರಿಂದ 5ರವರೆಗೆ. ಕೆಲವು ವಿಶ್ವವಿದ್ಯಾಲಯ 3ಕ್ಕೇ ಕ್ರೆಡಿಟ್ ಕೊಡುತ್ತವೆ, ಕೆಲವು 5 ಬಂದರೆ ಮಾತ್ರ. ಕ್ಯಾಲ್‌ಟೆಕ್‌ನಂಥ ಕಡೆ ಎಷ್ಟು ಬಂದರೂ ಇಲ್ಲ. ಮಗ ಹೋಗಬೇಕೆಂದಿರುವ ನಾಲ್ಕೈದು ಜಾಗಗಳ ಹೆಸರು ಬರೆದು, ಅವರ ಎಪಿ ಕ್ರೆಡಿಟ್ ಪಟ್ಟಿಯನ್ನು ಅವನೇ ತೆಗೆದು ಓದಲಿ. ಒಂದು ಸಂಜೆಯ ಕೆಲಸ. ಏಜೆನ್ಸಿಗೆ ದುಡ್ಡು ಕಟ್ಟುವುದು ಆಮೇಲೆ.

ಪ್ರ: ಸೋಮವಾರಪೇಟೆ ಮೇಲಿನ ಹಳ್ಳಿ ನಮ್ಮದು. ಎನ್‌ಪಿಟೆಲ್ ಕೋರ್ಸಿನ ಜುಲೈ ಬ್ಯಾಚಿಗೆ ಸೇರಿ ಅಂತ ನೀವು ಹಿಂದೆಯೂ ಬರೆದಿದ್ದಿರಿ. ಜುಲೈನಲ್ಲಿ ನಮಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಏನು ಮಾಡುವುದು?

ಉ: ನಿಮ್ಮ ಪತ್ರದ ಶಾಯಿ ಮಳೆಗೆ ಹರಡಿತ್ತು, ಉತ್ಪ್ರೇಕ್ಷೆ ಅನ್ನುವ ಹಾಗಿಲ್ಲ. ಹನ್ನೆರಡು ವಾರದ ಕೋರ್ಸಿನಲ್ಲಿ ಹನ್ನೆರಡು ಅಸೈನ್‌ಮೆಂಟ್, ಅದರಲ್ಲಿ ಚೆನ್ನಾಗಿ ಮಾಡಿದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ನಾಲ್ಕು ವಾರ ಮರ ಬಿದ್ದು ಲೈನ್ ಹೋದರೂ ಅಂಕ ಹೋಗುವುದಿಲ್ಲ. ಆ ನಾಲ್ಕನ್ನು ಆಷಾಢಕ್ಕೆ ಇಟ್ಟುಕೊಳ್ಳಿ, ಸೆಪ್ಟೆಂಬರಿನಲ್ಲಿ ಸೋಮಾರಿತನಕ್ಕೆ ಖರ್ಚು ಮಾಡಬೇಡಿ. ಪೇಟೆಗೆ ಇಳಿದ ದಿನ ಎರಡು ವಾರದ ವಿಡಿಯೊವನ್ನು ಫೋನಿಗೆ ಇಳಿಸಿಕೊಳ್ಳಿ. ಅಸೈನ್‌ಮೆಂಟಿನ ಪ್ರಶ್ನೆಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಮನೆಯಲ್ಲಿ ಬಿಡಿಸಿ. ಸಿಗ್ನಲ್ ಸಿಗುವ ತಿರುವು ಪ್ರತಿ ಊರಿನಲ್ಲೂ ಒಂದಿರುತ್ತದೆ; ಅಲ್ಲಿ ನಿಂತು ಉತ್ತರ ಒತ್ತಲು ಹತ್ತು ನಿಮಿಷ ಸಾಕು. ನಮ್ಮ ಕಡೆ ಅದು ಹಾಲಿನ ಡೈರಿ ಮುಂದಿನ ಮೋರಿ. ಬುಧವಾರ ಸಂಜೆ ಅಲ್ಲಿ ಕೊಡೆ ಹಿಡಿದುಕೊಂಡು ನಿಂತ ಮೂರು ಮಕ್ಕಳನ್ನು ಕಂಡು, ಬಸ್ ಬಂತೇನೋ ಅಂತ ನಾನೂ ಒಮ್ಮೆ ಓಡಿದ್ದೆ.